ಹದಿನಾಲ್ಕನೇ ಗೂಟದ ಅಂಕಿ

ತೌನೊ ತೀರಿಕೊಂಡು ಎರಡು ಚಳಿಗಾಲ ಕಳೆದಿದ್ದವು. ಆದರೂ ಉತ್ತರದ ಕಡಲ ದಂಡೆಯ ಔಲು ನಗರದ ಆ ಪುಟ್ಟ ಕಚೇರಿಯಲ್ಲಿ ಕಿಟಕಿ ಪಕ್ಕದ ಮೇಜು ಇನ್ನೂ ತೌನೊನ ಮೇಜೇ ಆಗಿತ್ತು. ಅಲ್ಲಿ ಕೂತು ಕೆಲಸ ಮಾಡುತ್ತಿದ್ದವಳು ಮೆರ್ವಿ. ಅವಳು ಸೇರಿ ಹದಿನೆಂಟು ತಿಂಗಳಾದ ಮೇಲೂ, ಫೋನಿನಲ್ಲಿ ಯಾರಾದರೂ ಅವಳನ್ನು ಕೇಳಿದರೆ, ಕಚೇರಿಯ ಒಡೆಯ ಕಿಮ್ಮೊ, "ತೌನೊನ ಮೇಜಲ್ಲಿದ್ದಾಳೆ, ಕೊಡ್ತೀನಿ ಇರಿ" ಅನ್ನುತ್ತಿದ್ದ. ಮೊದಮೊದಲು ಅವಳಿಗೆ ಕಿರಿಕಿರಿಯಾಗುತ್ತಿತ್ತು. ಆಮೇಲೆ ಅಭ್ಯಾಸವಾಯಿತು.

ಅವಳು ತೌನೊನನ್ನು ಕಂಡವಳಲ್ಲ. ಅವನು ಬರೆದ ಕೋಡನ್ನಷ್ಟೇ ಬಲ್ಲವಳು. ಒಬ್ಬ ಮನುಷ್ಯ ಇಪ್ಪತ್ತು ವರ್ಷ ಬರೆದದ್ದನ್ನು ದಿನಾ ಓದುತ್ತಿದ್ದರೆ ಅವನ ಉಸಿರಾಟವೂ ಗೊತ್ತಾಗುತ್ತದೆ. ತೌನೊ ಯಾವ ಹೆಸರನ್ನೂ ಮೊಟಕು ಮಾಡುತ್ತಿರಲಿಲ್ಲ. ಪ್ರತಿ ಲೆಕ್ಕದ ಮೇಲೆ, ಅದು ಏಕೆ ಹಾಗಿದೆ ಎಂದು ಎರಡು ಸಾಲು ವಿವರಣೆ ಬರೆಯುತ್ತಿದ್ದ. ಮುಂದೆ ಓದುವವರಿಗೆ ಕಷ್ಟವಾಗಬಾರದು ಎಂಬ ಕಾಳಜಿಯ ಮನುಷ್ಯ ಎಂದು ಮೆರ್ವಿ ಅಂದುಕೊಂಡಿದ್ದಳು.

ಅವರ ಕೆಲಸವೆಲ್ಲ ಮಂಜುಗಡ್ಡೆಯದು. ಕೊಲ್ಲಿ ಹೆಪ್ಪುಗಟ್ಟಿದ ಮೇಲೆ ಹೌಕಿಸಾರಿ ದ್ವೀಪದವರು ದಡಕ್ಕೆ ಬರುವುದು ಮಂಜುಗಡ್ಡೆಯ ಮೇಲಿನ ಒಂಬತ್ತು ಕಿಲೋಮೀಟರ್ ದಾರಿಯಲ್ಲಿ. ಆ ದಾರಿಯ ಉದ್ದಕ್ಕೂ ಇಪ್ಪತ್ತೆರಡು ಗೂಟಗಳು. ಪ್ರತಿ ಗೂಟದಿಂದ ಒಂದು ತಂತಿ ಮಂಜುಗಡ್ಡೆಯೊಳಕ್ಕೆ ಇಳಿದು ಅಲ್ಲಿನ ತಾಪಮಾನವನ್ನು ಅಳೆದು ಕಳಿಸುತ್ತದೆ. ಕಿಮ್ಮೊನ ಕಚೇರಿ ಮಾಡಿಕೊಟ್ಟ ಪ್ರೋಗ್ರಾಂ ಅದರಿಂದ ಗಡ್ಡೆ ಎಷ್ಟು ದಪ್ಪ ಎಂದು ಲೆಕ್ಕ ಹಾಕುತ್ತದೆ. ನಲವತ್ತು ಸೆಂಟಿಮೀಟರಿಗಿಂತ ಕಡಿಮೆ ಬಂದ ಕಡೆ ದಾರಿ ಹೋಗುವಂತಿಲ್ಲ, ಬಳಸಬೇಕು. ಹಳೆಯ ಲೆಕ್ಕ ತೌನೊನದು, ನಿಧಾನ. ಮೆರ್ವಿ ಅದೇ ಸೂತ್ರವನ್ನು ಹೊಸದಾಗಿ, ವೇಗವಾಗಿ ಓಡುವಂತೆ ಬರೆದಿದ್ದಳು. ಅದನ್ನು ಬಿಡಿ ಲೈಬ್ರರಿಯಾಗಿ, ಅಂದರೆ ಪ್ರತ್ಯೇಕವಾಗಿ ನಿಲ್ಲುವ ಕೋಡಿನ ಕಟ್ಟಾಗಿ ಕಟ್ಟಿ, ಪ್ರೋಗ್ರಾಂ ತನಗೆ ಬೇಕಾದಾಗ ಎಳೆದುಕೊಳ್ಳುವ ಹಾಗೆ ಮಾಡಿಕೊಟ್ಟರೆ ಕೆಲಸ ಮುಗಿಯುತ್ತಿತ್ತು.

ಹೀಗೆ ಆಮೇಲೆ ಬಂದು ಸೇರಿಕೊಳ್ಳುವ ಲೈಬ್ರರಿಗೆ ಒಂದು ಕಟ್ಟಳೆಯಿದೆ. ಯಂತ್ರದ ಮೆಮೊರಿಯಲ್ಲಿ ತನಗೆ ಯಾವ ಜಾಗ ಸಿಗುತ್ತದೆಂದು ಅದಕ್ಕೆ ಮೊದಲೇ ತಿಳಿದಿರುವುದಿಲ್ಲ. ಎಲ್ಲಿ ಕೂರಿಸಿದರೂ ನಡೆಯುವಂತೆ ಅದನ್ನು ಕಂಪೈಲ್ ಮಾಡಬೇಕು, ಅಂದರೆ ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರಬೇಕು. ಈ ಕಸುಬಿನವರ ಬಾಯಲ್ಲಿ ಇದಕ್ಕೆ 'ಪಿಕ್' ಎಂದು ಹೆಸರು. ಯಾವುದನ್ನು ಹೇಗೆ ಕಟ್ಟಬೇಕೆಂದು ಹೇಳುವ ಬಿಲ್ಡ್ ಕಡತದ ತಲೆಯಲ್ಲಿ ಒಂದು ಆಯ್ಕೆಯನ್ನು ಹಾಕಿದರೆ ಸಾಕು, ಕೆಳಗಿನ ಲೈಬ್ರರಿಗಳೆಲ್ಲ ಹಾಗೇ ತಯಾರಾಗುತ್ತವೆ. ಫೆಬ್ರುವರಿಯ ಒಂದು ಗುರುವಾರ ಬೆಳಿಗ್ಗೆ ಮೆರ್ವಿ ಆ ಆಯ್ಕೆಯನ್ನು ಹಾಕಿದಳು. ಮೂವತ್ತೊಂದು ಲೈಬ್ರರಿಗಳಲ್ಲಿ ಮೂವತ್ತು ಮಾತು ಕೇಳಿದವು.

ಕೇಳದೆ ಉಳಿದದ್ದು ತೌನೊನ ಹಳೆಯ ಮಂಜುಗಡ್ಡೆ ಲೈಬ್ರರಿ. ಅದಕ್ಕೆ ಮಾತ್ರ ಪಿಕ್ ಬೇಡವೆಂದು ಅವನು ಬೇರೆಯಾಗಿ ಬರೆದಿಟ್ಟಿದ್ದ. ಮೇಲೆ ಒಂದು ಟಿಪ್ಪಣಿ: "ಇದು ಕದಲಬಾರದು. ಇಲ್ಲೇ ಇರಲಿ. ತೌನೊ."

ಪಿಕ್ ಇಲ್ಲದ ಲೈಬ್ರರಿಯನ್ನು ಬಿಡಿಯಾಗಿ ಕಟ್ಟಲು ಬರುವುದಿಲ್ಲ. ಅದು ಮುಖ್ಯ ಪ್ರೋಗ್ರಾಮಿನೊಳಗೇ ಬೆಸೆದುಕೊಂಡಿರುತ್ತದೆ. ಏಕೆ ಎಂಬ ವಿವರಣೆ ಅಲ್ಲಿರಲಿಲ್ಲ. ಎಲ್ಲಕ್ಕೂ ವಿವರಣೆ ಬರೆಯುತ್ತಿದ್ದವನು ಇದಕ್ಕೇಕೆ ಬರೆಯಲಿಲ್ಲ ಎಂದು ಅವಳಿಗೆ ಅನಿಸಿತು. ಹೊಸದು ಬಂದ ಮೇಲೆ ಆ ಲೈಬ್ರರಿಯನ್ನು ಬಳಸಲಿದ್ದದ್ದು ತಿಂಗಳ ವರದಿ ಮುದ್ರಿಸುವ ಭಾಗವೊಂದೇ. ಇರಲಿ ಬಿಡು, ಸತ್ತವನ ಮಾತು, ಎಂದು ಅದನ್ನು ಮುಟ್ಟದೆ ಹೊಸದನ್ನು ಕಟ್ಟಿ ಓಡಿಸಿದಳು.

ಇಪ್ಪತ್ತೆರಡು ಗೂಟಗಳ ಅಂಕಿಗಳು ಪರದೆಯ ಮೇಲೆ ಸಾಲಾಗಿ ಬಂದವು. ಐವತ್ತೆಂಟು, ಐವತ್ತೈದು, ಐವತ್ತೇಳು. ಹದಿನಾಲ್ಕನೆಯದರ ಮುಂದೆ ಮೂವತ್ತನಾಲ್ಕು.

ಹೊಸ ಲೆಕ್ಕವನ್ನು ಮೊದಲು ಪ್ರತ್ಯೇಕವಾಗಿ ಓಡಿಸಿ ಪರೀಕ್ಷಿಸಿದಾಗ ಅದೇ ಗೂಟಕ್ಕೆ ಐವತ್ತಾರು ಬಂದಿತ್ತು. ತಂತಿ ಕಳಿಸಿದ ಮಾಹಿತಿ ಒಂದೇ, ಸೂತ್ರ ಒಂದೇ. ಉಳಿದ ಇಪ್ಪತ್ತೊಂದು ಅಂಕಿಗಳೂ ಸರಿಯಾಗಿ ತಾಳೆಯಾಗುತ್ತಿದ್ದವು. ಅವಳು ಇನ್ನೊಮ್ಮೆ ಕಟ್ಟಿದಳು. ಮೂವತ್ತನಾಲ್ಕು. ಎಲ್ಲವನ್ನೂ ಅಳಿಸಿ ಬುಡದಿಂದ ಕಟ್ಟಿದಳು. ಮೂವತ್ತನಾಲ್ಕು.

"ಏನು ಮಾರಾಯ್ತಿ, ಇನ್ನೂ ಹದಿನಾಲ್ಕರಲ್ಲೇ ಇದ್ದೀಯಾ?" ಶುಕ್ರವಾರ ಕಿಮ್ಮೊ ಕಾಫಿ ಲೋಟ ಹಿಡಿದು ಬಂದು ನಿಂತ. "ನಮ್ಮಜ್ಜಿ ಹೊಲಿಗೆ ಬಿಚ್ಚಿ ಬಿಚ್ಚಿ ಹಾಕ್ತಿದ್ದಳು, ಹಾಗೇ ಕಾಣ್ತೀಯ."

"ನಿಮ್ಮಜ್ಜಿಗೆ ಕೊನೆಗೊಂದು ಅಂಗಿಯಾದ್ರೂ ಸಿಕ್ತಿತ್ತು. ನನಗೆ ಸಿಗ್ತಿರೋದು ಮೂವತ್ನಾಲ್ಕು."

"ಹಳೇದ್ರಲ್ಲೂ ಅಷ್ಟೇ ಬರ್ತಿತ್ತಲ್ಲ. ಅಲ್ಲಿ ಅಡೀಲಿ ನೀರಿನ ಸೆಳೆತ ಇದೆ, ಗಡ್ಡೆ ತೆಳು. ಎಲ್ಲರಿಗೂ ಗೊತ್ತಿರೋದೇ."

"ಹಳೇದ್ರಲ್ಲಿ ಯಾಕೆ ಬರ್ತಿತ್ತು ಅನ್ನೋದೂ ಗೊತ್ತಾಗ್ತಿಲ್ಲ. ತಂತಿ ಕಳಿಸ್ತಿರೋ ಮಾಹಿತಿಗೆ ಐವತ್ತಾರೇ ಬರಬೇಕು."

ಕಿಮ್ಮೊ ಭುಜ ಹಾರಿಸಿ ಹೋದ.

ಸೋಮವಾರ ಅವಳು ಮನಸ್ಸು ಗಟ್ಟಿಮಾಡಿಕೊಂಡು ತನ್ನ ಲೆಕ್ಕವನ್ನೇ ಕೆಡಿಸಿದಳು. ಯಾವ ಗೂಟವಾದರೂ ಸರಿ, ತಂತಿ ಏನನ್ನೇ ಕಳಿಸಲಿ, ಉತ್ತರ ಸೊನ್ನೆ ಕೊಡು ಎಂದು ಬರೆದಳು. ಕಟ್ಟಿದಳು. ಓಡಿಸಿದಳು. ಪರದೆಯ ತುಂಬ ಸೊನ್ನೆಗಳು ಬರಬೇಕಿತ್ತು.

ಐವತ್ತೆಂಟು, ಐವತ್ತೈದು, ಐವತ್ತೇಳು ಎಂದು ಅಂಕಿಗಳು ಎಂದಿನಂತೆ ಬಂದು ನಿಂತವು. ಹದಿನಾಲ್ಕರ ಮುಂದೆ ಮೂವತ್ತನಾಲ್ಕು.

ಮೆರ್ವಿ ಕೈಗಳನ್ನು ಕೀಲಿಮಣೆಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಹನ್ನೊಂದು ಗಂಟೆಯ ಬಿಸಿಲು ಹಿಮದ ಮೇಲೆ ಬಿದ್ದು ಕೋಣೆಯೆಲ್ಲ ಬೆಳಗಿತ್ತು. ಮೂರು ದಿನದಿಂದ ಅವಳು ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಕೊಡುತ್ತಿದ್ದದ್ದು ಅವಳ ಕೋಡ್ ಅಲ್ಲ. ಅದನ್ನು ಯಾರೂ ಕರೆದೇ ಇರಲಿಲ್ಲ. ಬೇರೆ ಯಾರೋ ಅವಳ ಹೆಸರಿಗೆ ಓಗೊಟ್ಟು, ಅವಳ ಬದಲಿಗೆ ಮಾತಾಡುತ್ತಿದ್ದರು.

ಯಾರು ಎಂದು ಪತ್ತೆ ಮಾಡಲು ಅರ್ಧ ಗಂಟೆ ಹಿಡಿಯಿತು. ಹಳೆಯದನ್ನು ಕರೆಯುತ್ತಿದ್ದ ಭಾಗಗಳನ್ನೆಲ್ಲ ಬದಲಿಸುವ ಗೋಜು ಬೇಡವೆಂದು ಮೆರ್ವಿ ತನ್ನ ಲೆಕ್ಕಕ್ಕೂ ತೌನೊ ಇಟ್ಟಿದ್ದ ಹೆಸರನ್ನೇ ಇಟ್ಟಿದ್ದಳು. ಬಿಡಿ ಲೈಬ್ರರಿ ಬಂದು ಸೇರುವಾಗ, ಆ ಹೆಸರಿನವರು ಯಾರಿದ್ದಾರೆ ಎಂದು ಯಂತ್ರ ಮೊದಲು ಮುಖ್ಯ ಪ್ರೋಗ್ರಾಮಿನಲ್ಲೇ ಹುಡುಕುತ್ತದೆ. ಅಲ್ಲಿ ತೌನೊ ಇದ್ದ. ಕದಲದಂತೆ ಬೆಸೆದುಕೊಂಡು, ಎಲ್ಲರಿಗಿಂತ ಮುಂದೆ ಕೂತಿದ್ದ. ಯಾರು ಎಷ್ಟೇ ಚೆನ್ನಾಗಿ ಹೊಸದನ್ನು ಬರೆದು ತಂದರೂ ಅವನೇ ಉತ್ತರ ಕೊಡುತ್ತಿದ್ದ. ಪಿಕ್ ಬೇಡವೆಂದು ಅವನು ಬರೆದದ್ದು ಇದಕ್ಕೇ ಎಂದು ಅವಳಿಗೆ ಈಗ ಹೊಳೆಯಿತು.

ಅವಳು ಅವನ ಕಡತ ತೆರೆದಳು. ಉದ್ದದ ವಿವರಣೆಗಳು, ಪೂರ್ತಿ ಹೆಸರುಗಳು. ತೀರ ಕೊನೆಯಲ್ಲಿ, ಅವಳು ಇಳಿಸಿಕೊಂಡಿದ್ದ ಸೂತ್ರ ಮುಗಿದು ಅವಳು ಎಂದೂ ಓದದಿದ್ದ ಕಡೆ, ಮೇಲೆ ಕೆಳಗೆ ಜಾಗ ಬಿಟ್ಟು ಬರೆದ ಒಂಟಿ ಸಾಲು: ಗೂಟ ಹದಿನಾಲ್ಕಾದರೆ ಇಪ್ಪತ್ತೆರಡು ಕಳೆ. ವಿವರಣೆ ಇಲ್ಲ. ಆ ಸಾಲು ಸೇರಿದ ದಿನಾಂಕ 2011ರ ಏಪ್ರಿಲ್ ಹನ್ನೆರಡು.

ಅವಳು ಕಿಮ್ಮೊನನ್ನು ಕರೆದು ತೋರಿಸಿದಳು. ಅವನು ದಿನಾಂಕ ಓದಿ, ಪಕ್ಕದ ಕುರ್ಚಿ ಎಳೆದುಕೊಂಡು ಕೂತ.

"ಐಲಿ ಹೋಗಿ ಮೂರು ದಿನಕ್ಕೆ," ಎಂದ.

"ಯಾರು ಐಲಿ?"

"ಹೌಕಿಸಾರಿಗೆ ಟಪಾಲು ಒಯ್ತಿದ್ದಳು. ಗಡ್ಡೆ ಒಡೆದು ವ್ಯಾನ್ ಸಮೇತ ಒಳಗೆ ಹೋದ್ಲು. ಹದಿನಾಲ್ಕನೇ ಗೂಟದ ಹತ್ರ. ಬೆಳಿಗ್ಗೆ ಹತ್ತು ಗಂಟೆ, ಒಳ್ಳೇ ಬಿಸಿಲು. ನಮ್ಮ ಪರದೆ ಮೇಲೆ ನಲವತ್ತೊಂದು ಇತ್ತು. ಆಮೇಲೆ ಕೊರೆದು ನೋಡಿದ್ರೆ ಹತ್ತೊಂಬತ್ತು."

ಮೆರ್ವಿ ಮನಸ್ಸಿನಲ್ಲೇ ಕಳೆದಳು. ಇಪ್ಪತ್ತೆರಡು.

"ತಂತಿ ಕೆಟ್ಟಿತ್ತು," ಕಿಮ್ಮೊ ಮುಂದುವರಿಸಿದ. "ಹದಿನೇಳು ದಿನದಿಂದ ಏನೂ ಕಳಿಸ್ತಿರ್ಲಿಲ್ಲ. ವಿಚಾರಣೆ ಆಯ್ತು. ಯಾರದೂ ತಪ್ಪಿಲ್ಲ ಅಂದ್ರು. ತೌನೊ ಒಂದು ವಾರ ರಜೆ ಹಾಕಿ ಬಂದ. ಆಮೇಲೆ ಆ ಮಾತು ಎತ್ತಲೇ ಇಲ್ಲ. ನಾನೂ ಎತ್ತಲಿಲ್ಲ."

"ಹಾಗಾದ್ರೆ ಅಲ್ಲಿ ಸೆಳೆತ ಅನ್ನೋದು?"

"ಅಂಕಿ ಯಾವಾಗಲೂ ಕಡಿಮೆ ಬರ್ತಿತ್ತಲ್ಲ. ಸೆಳೆತ ಇರಬೇಕು ಅಂದ್ಕೊಂಡ್ವಿ." ಕಿಮ್ಮೊ ಮುಖ ಉಜ್ಜಿಕೊಂಡ. "ಸುಮ್ನೆ ಆ ಸಾಲು ತೆಗೆದುಬಿಡು ಮೆರ್ವಿ. ಯಾರಿಗೂ ಹೇಳೋದು ಬೇಡ."

"ಕೊರೆದು ನೋಡದೆ ತೆಗೆಯಲ್ಲ. ಅವನಿಗೆ ನನಗಿಂತ ಹೆಚ್ಚು ಗೊತ್ತಿದ್ದಿರಬಹುದು."

"ಕೊರೆಯೋಕೆ ಹೋದ್ರೆ ವೋಯ್ಟೊನ ಜೊತೆ ಹೋಗ್ಬೇಕು. ದಾರಿ ಅವನ ಉಸ್ತುವಾರಿ." ಕಿಮ್ಮೊ ಎದ್ದು ಕುರ್ಚಿಯನ್ನು ಹಿಂದಕ್ಕೆ ತಳ್ಳಿದ. "ಐಲಿ ಅವನ ಅಕ್ಕ."

ಬುಧವಾರ ಬೆಳಿಗ್ಗೆ ಮೈನಸ್ ಹತ್ತೊಂಬತ್ತು ಡಿಗ್ರಿ ಚಳಿ. ದಡದ ಗುಡಿಸಲಿನ ಮುಂದೆ ವೋಯ್ಟೊ ಗಾಡಿ ಬಿಸಿಮಾಡಿಕೊಂಡು ಕಾಯುತ್ತಿದ್ದ. ಅರವತ್ತು ದಾಟಿದವನು, ಅಗಲ ಮುಖ, ಗಡ್ಡದಲ್ಲಿ ಹಿಮ. ಮೆರ್ವಿ ಹತ್ತಿ ಕೂತು ಬೆಲ್ಟಿಗೆ ಕೈಹಾಕಿದಳು.

"ಬೆಲ್ಟ್ ಬೇಡ," ಎಂದ ವೋಯ್ಟೊ. "ಮಂಜುಗಡ್ಡೆ ಮೇಲೆ ಅದು ಹಾಕಲ್ಲ, ಗಾಡಿ ಮುಳುಗಿದ್ರೆ ಬೇಗ ಹೊರಗೆ ಬರಬೇಕಲ್ಲ. ಕಚೇರಿಯವರು ಪರದೆ ಮೇಲೆ ನೋಡಿದಷ್ಟು ಸಲ ಇಲ್ಲಿಗೆ ಬಂದಿದ್ರೆ ಗೊತ್ತಿರ್ತಿತ್ತು."

ಅವಳು ಬೆಲ್ಟನ್ನು ಕೈಬಿಟ್ಟಳು. ಹದಿಮೂರನೇ ಗೂಟದವರೆಗೆ ದಾರಿ ನೇರ. ಅಲ್ಲಿಂದ ಎಡಕ್ಕೆ ದೊಡ್ಡದೊಂದು ಬಳಸು. ಗಡ್ಡೆಗಳು ಒಂದರ ಮೇಲೊಂದು ಏರಿ ನಿಂತ ದಿಬ್ಬಗಳ ನಡುವೆ ನುಸುಳಿ ನಾಲ್ಕು ಕಿಲೋಮೀಟರ್ ಹೆಚ್ಚಿಗೆ ಸುತ್ತಿ, ಹದಿನಾರರ ಹತ್ತಿರ ಮತ್ತೆ ಸೇರುತ್ತದೆ. ಹದಿಮೂರು ವರ್ಷದಿಂದ ಹೌಕಿಸಾರಿಯ ಮದುವೆ, ಹೆರಿಗೆ, ಹೆಣ, ಎಲ್ಲ ಆ ಬಳಸಿನಲ್ಲೇ ಹೋಗಿಬಂದಿದ್ದವು. ವೋಯ್ಟೊ ಎಡಕ್ಕೆ ತಿರುಗಿಸುತ್ತಿದ್ದಂತೆ ಅವಳು ನಿಲ್ಲಿಸಲು ಹೇಳಿದಳು.

"ಹದಿನಾಲ್ಕರ ಹತ್ರ ಹೋಗ್ಬೇಕು. ನಡ್ಕೊಂಡು ಹೋಗೋಣ. ಕೊರೆಯೋ ಯಂತ್ರ ತಂದಿದ್ದೀರಲ್ಲ?"

ವೋಯ್ಟೊ ಸ್ಟೀರಿಂಗ್ ಹಿಡಿದೇ ಕೂತ. "ಅಲ್ಲಿ ಏನು ನೋಡೋದಿದೆ?"

"ಎಷ್ಟು ದಪ್ಪ ಇದೆ ಅಂತ."

"ಅದನ್ನ ನೀವೇ ಹೇಳ್ತೀರಲ್ಲ ನಮಗೆ." ಆಮೇಲೆ ಮೆಲ್ಲಗೆ, "ನಾನು ಅಲ್ಲಿಗೆ ಹೋಗಲ್ಲ. ಆ ಗೂಟ ನೆಡೋದು ಪಕ್ಕದ ಮನೆಯವರು. ಮೊದಲು ನಿಮ್ಮ ತೌನೊನೇ ಬಂದು ನೆಡ್ತಿದ್ದ. ಬೇರೆ ಯಾರನ್ನೂ ಮುಟ್ಟೋಕೆ ಬಿಡ್ತಿರ್ಲಿಲ್ಲ."

"ತೌನೊ ಇಲ್ಲಿಗೆ ಬರ್ತಿದ್ದನಾ?"

"ಪ್ರತಿ ಚಳಿಗಾಲ. ಒಬ್ಬನೇ, ಕೈಯಲ್ಲಿ ತಿರುಗಿಸೋ ಹಳೇ ಕೊರೆಯೋದು ಹಿಡ್ಕೊಂಡು. ಇಲ್ಲಿಂದ ಕಾಣ್ತಿತ್ತು. ಕೊರೀತಿದ್ದ, ಮಂಡಿಯೂರಿ ನೋಡ್ತಿದ್ದ, ಇನ್ನೊಂದು ಕಡೆ ಕೊರೀತಿದ್ದ. ಬಾರಪ್ಪ, ಕಾಫಿ ಕುಡ್ಕೊಂಡು ಹೋಗು ಅಂತ ಎಷ್ಟು ಸಲ ಕರೆದಿದ್ದೀನಿ. ಒಂದು ಸಲಾನೂ ಬರಲಿಲ್ಲ."

ಮೆರ್ವಿ ಬಾಗಿಲು ತೆರೆದು ಇಳಿದಳು. ಹಿಂದಿನಿಂದ ಯಂತ್ರವನ್ನು ಎತ್ತಿಕೊಂಡು ಹೊರಟಳು. ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಹಿಂದೆ ಇನ್ನೊಂದು ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ವೋಯ್ಟೊ ಬಂದು ಯಂತ್ರವನ್ನು ಅವಳ ಕೈಯಿಂದ ತೆಗೆದುಕೊಂಡ. ಇಬ್ಬರೂ ಗೂಟದ ಕಡೆ ನಡೆದರು.

ಗೂಟದ ಹತ್ತಿರ ಏನೂ ಇರಲಿಲ್ಲ. ಗಾಳಿ ಗುಡಿಸಿಟ್ಟ ಬರಿಯ ಗಡ್ಡೆ, ಅದರ ಕೆಳಗೆ ಕಪ್ಪು. ಎಲ್ಲೋ ದೂರದಲ್ಲಿ ಗಡ್ಡೆ ಬಿರುಕುಬಿಟ್ಟು, ಆ ಸದ್ದು ಅವರ ಕಾಲಡಿಯಲ್ಲಿ ಉದ್ದಕ್ಕೆ ಹಾದುಹೋಯಿತು. ತಗ್ಗಿನ ದನಿಯಲ್ಲಿ ಯಾರೋ ಒಬ್ಬರ ಹೆಸರನ್ನು ಎಳೆದು ಕರೆದಂತಿತ್ತು. ಮೆರ್ವಿ ನಿಂತುಬಿಟ್ಟಳು.

"ಅದು ಕೂಗೋದೇ ಹಾಗೆ," ವೋಯ್ಟೊ ಹೇಳಿದ. ಆದರೆ ಅವನೂ ನಿಂತಿದ್ದ, ಸದ್ದು ಪೂರ್ತಿ ಅಡಗುವ ತನಕ.

ಮೊದಲ ತೂತಿನಲ್ಲಿ ನೀರು ಉಕ್ಕಿ ಬಂದಾಗ ಅವಳು ಕೊಕ್ಕೆಯ ಅಳತೆಕೋಲನ್ನು ಇಳಿಸಿ, ಗಡ್ಡೆಯ ತಳಕ್ಕೆ ಸಿಕ್ಕಿಸಿ ಓದಿದಳು. ಐವತ್ತೇಳು. ಹತ್ತು ಹೆಜ್ಜೆ ಆಚೆ ಐವತ್ತೈದು. ಇನ್ನೂ ಆಚೆ ಐವತ್ತೆಂಟು. ವೋಯ್ಟೊ ಅಳತೆಕೋಲನ್ನು ತೆಗೆದುಕೊಂಡು ತಾನೇ ಇನ್ನೊಮ್ಮೆ ಇಳಿಸಿ ನೋಡಿದ.

"ನಿಮ್ಮ ಯಂತ್ರದಲ್ಲಿ ಎಷ್ಟು ಬರ್ತಿದೆ?"

"ಮೂವತ್ತನಾಲ್ಕು."

"ಸೆಳೆತ ಇಲ್ವಾ ಹಾಗಾದ್ರೆ?"

"ಇಲ್ಲ." ಆಮೇಲೆ ಅವಳು ಎಲ್ಲ ಹೇಳಿದಳು. ಆ ಒಂಟಿ ಸಾಲು, ಇಪ್ಪತ್ತೆರಡು, ದಿನಾಂಕ, ಕದಲಬಾರದೆಂಬ ಟಿಪ್ಪಣಿ. ಚಳಿಗೆ ಅವಳ ತುಟಿ ಮರಗಟ್ಟಿ ಮಾತು ತೊದಲುತ್ತಿತ್ತು. ವೋಯ್ಟೊ ತೂತಿನ ಕಪ್ಪು ನೀರಿನ ಮೇಲೆ ಆಗಲೇ ಕಟ್ಟುತ್ತಿದ್ದ ತೆಳು ಪೊರೆಯನ್ನು ನೋಡುತ್ತ ಕೇಳಿಸಿಕೊಂಡ.

"ಅಂದ್ರೆ ಅವನಿಗೆ ಗೊತ್ತಿತ್ತು. ಪ್ರತಿ ವರ್ಷ ಬಂದು ಕೊರೆದಾಗ ಅವನಿಗೂ ಇಷ್ಟೇ ಸಿಕ್ಕಿರ್ಬೇಕು."

"ಹೌದು."

"ಆದ್ರೂ ತೆಗೀಲಿಲ್ಲ."

"ತೆಗೀಲಿಲ್ಲ."

ವೋಯ್ಟೊ ಕೈಗವಸು ತೆಗೆದು ಮೂಗು ಒರೆಸಿಕೊಂಡ. "ವ್ಯಾನ್ ಎತ್ತಿದ ಮೇಲೆ ಟಪಾಲೆಲ್ಲ ಶಾಲೇಲಿ ಹರವಿ ಒಣಗಿಸಿದ್ರು. ನನಗೂ ಒಂದು ಬಂತು. ತೋಟದ ಬೀಜದ ಪುಸ್ತಕ, ಹಾಳೆಯೆಲ್ಲ ಅಂಟ್ಕೊಂಡು. ಅಕ್ಕ ಕೊನೇಲಿ ನನಗೆ ತರ್ತಿದ್ದಿದ್ದು ಅದು. ಎಸೆಯೋಕೂ ಆಗಲ್ಲ, ಓದೋಕೂ ಆಗಲ್ಲ." ಕೈಗವಸು ಮತ್ತೆ ಹಾಕಿಕೊಳ್ಳುತ್ತ ಹೇಳಿದ, "ಒಂದು ಸಲ ನನ್ನ ಹತ್ರ ಬಂದು ಹೇಳಬಹುದಾಗಿತ್ತು ಅವನು."

"ಹೇಳಿದ್ರೆ ಏನು ಮಾಡ್ತಿದ್ರಿ?"

"ಹೊಡೀತಿದ್ದೆ. ಆಮೇಲೆ ಕಾಫಿ ಕೊಡ್ತಿದ್ದೆ."

ವಾಪಸು ದಡಕ್ಕೆ ಬಂದ ಮೇಲೆ ಅವನು ಗಾಡಿಯ ಕಿಟಕಿ ಇಳಿಸಿ, "ನೀನು ಅಂಕಿ ಸರಿಮಾಡು. ದಾರಿ ಎಲ್ಲಿ ಹೋಗ್ಬೇಕು ಅನ್ನೋದು ನಾನು ನೋಡ್ಕೋತೀನಿ," ಎಂದ.

ಮರುದಿನ ಮೆರ್ವಿ ಹೊಸ ಲೈಬ್ರರಿಗೆ ಇನ್ನೊಂದು ಆಯ್ಕೆ ಸೇರಿಸಿದಳು: ನಿನ್ನ ಹೆಸರುಗಳನ್ನು ಮೊದಲು ನಿನ್ನೊಳಗೇ ಹುಡುಕು, ಹೊರಗಿನವರನ್ನು ಕೇಳಬೇಡ. ಸೊನ್ನೆ ಕೊಡುವ ಕೋಡಿನಿಂದಲೇ ಮೊದಲು ಓಡಿಸಿದಳು. ಪರದೆಯ ತುಂಬ ಸೊನ್ನೆಗಳು. ಆಮೇಲೆ ನಿಜವಾದ ಲೆಕ್ಕವನ್ನು ವಾಪಸು ಹಾಕಿದಳು. ಹದಿನಾಲ್ಕರ ಮುಂದೆ ಐವತ್ತಾರು ಬಂತು. ಕೊನೆಗೂ ಅವಳದೇ ಉತ್ತರ. ಆದರೆ ಸಮಾಧಾನವಾಗಲಿಲ್ಲ. ಹದಿನೇಳು ದಿನ ತಂತಿ ಸುಮ್ಮನಿತ್ತು ಎಂದು ಕಿಮ್ಮೊ ಹೇಳಿದ್ದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಸುಮ್ಮನಿದ್ದ ತಂತಿಯಿಂದ ನಲವತ್ತೊಂದು ಹೇಗೆ ಬಂತು?

ಅವಳು ಮತ್ತೆ ತೌನೊನ ಕಡತಕ್ಕೆ ಹೋದಳು. ಉತ್ತರ ಮೊದಲ ಪುಟದಲ್ಲೇ ಇತ್ತು, ಎರಡು ಸಾಲು ಅಚ್ಚುಕಟ್ಟಾದ ವಿವರಣೆಯ ಸಮೇತ. ತಂತಿ ಏನೂ ಕಳಿಸದಿದ್ದರೆ ನಿನ್ನೆಯ ಅಂಕಿಯನ್ನೇ ತೋರಿಸು. ಪರದೆ ಖಾಲಿ ಬಿದ್ದರೆ ಜನ ಗಾಬರಿಯಾಗುತ್ತಾರೆ. ಹಾಗೆ ನಿನ್ನೆಯದು ಇಂದಿಗೆ, ಇಂದಿನದು ನಾಳೆಗೆ ಸಾಗಿ, ಬಿಸಿಲಿಗೆ ಗಡ್ಡೆ ಕರಗುತ್ತ ಹೋದ ಹದಿನೇಳು ದಿನವೂ ನಲವತ್ತೊಂದು ನಿಂತೇ ಇತ್ತು. ಐಲಿಯನ್ನು ಕೊಂದದ್ದು ಆ ಸಾಲು. ತೌನೊ ಅದನ್ನು ತಿದ್ದಿರಲಿಲ್ಲ. ಹದಿನಾಲ್ಕನೇ ಗೂಟದ ಹತ್ತಿರ ಇನ್ನು ಯಾರೂ ಹೋಗದ ಹಾಗೆ ನೋಡಿಕೊಂಡು, ಉಳಿದ ಇಪ್ಪತ್ತೊಂದರಲ್ಲಿ ಆ ಸಾಲನ್ನು ಹಾಗೇ ಬಿಟ್ಟಿದ್ದ. ಆ ಪುಟವನ್ನು ಮತ್ತೆ ತೆರೆದು ನೋಡುವ ಧೈರ್ಯ ಅವನಿಗೆ ಬಂದಿರಲಿಕ್ಕಿಲ್ಲ.

ಅವಳು ತನ್ನ ಕಡತ ತೆರೆದಳು. ತೌನೊನ ಸೂತ್ರವನ್ನು ಅವಳು ಸಾಲು ಸಾಲಾಗಿ ನಂಬಿಕೆಯಿಂದ ಇಳಿಸಿಕೊಂಡಿದ್ದಳು. ಆ ಸಾಲೂ ಅಲ್ಲಿತ್ತು. ಅವಳದೇ ಅಕ್ಷರಗಳಲ್ಲಿ, ಮೊದಲಿಗಿಂತ ವೇಗವಾಗಿ ಓಡುವ ಹಾಗೆ.

"ಕಿಮ್ಮೊ, ಇಲ್ಲಿ ಬಾ," ಎಂದಳು. ಅವನು ಬಂದು ಓದಿದ. ಓದಿ ಮುಗಿದ ಮೇಲೂ ಬಗ್ಗಿಯೇ ನಿಂತಿದ್ದ.

"ವಿಚಾರಣೇಲಿ ಇದು ಯಾರ ಕಣ್ಣಿಗೂ ಬೀಳಲಿಲ್ಲ," ಎಂದ.

"ತೌನೊನ ಕಣ್ಣಿಗೆ ಬಿದ್ದಿತ್ತು. ನನ್ನ ಕಣ್ಣಿಗೆ ಬಿದ್ದರೂ ಕಾಣಲಿಲ್ಲ. ಈಗ ವಿಚಾರಣೆ ಮಾಡಿದವರಿಗೆ ಬರೀಬೇಕು, ಕಿಮ್ಮೊ. ನೀನು ಬರೀತೀಯೋ, ನಾನು ಬರೀಲೋ?"

"ನಾನೇ ಬರೀತೀನಿ," ಎಂದ ಕಿಮ್ಮೊ. ಬರೆದ ಕೂಡ. ಅದಕ್ಕೆ ಎರಡು ದಿನ ತೆಗೆದುಕೊಂಡ, ಆ ಎರಡು ದಿನ ಒಂದು ತಮಾಷೆಯ ಮಾತೂ ಆಡಲಿಲ್ಲ. ಮೆರ್ವಿ ಆ ಸಾಲನ್ನು ಕಿತ್ತು, ತಂತಿ ಸುಮ್ಮನಾದರೆ ಅಂಕಿಯ ಜಾಗ ಖಾಲಿ ಉಳಿಯುವಂತೆ ಮಾಡಿದಳು. ವರದಿ ಮುದ್ರಿಸುವ ಭಾಗವನ್ನೂ ಹೊಸ ಲೆಕ್ಕಕ್ಕೆ ಜೋಡಿಸಿದಳು. ತೌನೊನ ಲೈಬ್ರರಿಯನ್ನು ಕರೆಯುವವರು ಯಾರೂ ಉಳಿಯಲಿಲ್ಲ. ಬಿಲ್ಡ್ ಕಡತದಿಂದ ಅದರ ಹೆಸರನ್ನು ಅಳಿಸುವಾಗ ಅವಳಿಗೆ ಬಾಗಿಲ ಹೊರಗೆ ಯಾರನ್ನೋ ನಿಲ್ಲಿಸಿ ಬಂದಂತೆ ಅನಿಸಿತು. ಆದರೂ ಅಳಿಸಿದಳು.

ಮಾರ್ಚ್ ಮೊದಲ ವಾರ ಒಂಬತ್ತನೇ ಗೂಟದ ತಂತಿ ಕೆಟ್ಟು ಪರದೆಯ ಮೇಲೆ ಜಾಗ ಖಾಲಿ ಬಿತ್ತು. ವೋಯ್ಟೊ ಎರಡು ದಿನ ದಾರಿ ಮುಚ್ಚಿ, ಕೊರೆದು ನೋಡಿ, ತೆರೆದ. ಹೌಕಿಸಾರಿಯವರು ಬೈದುಕೊಂಡರು. ಅದೇ ವಾರ ಅವನು ಹಿಮ ತಳ್ಳುವ ಗಾಡಿ ತಂದು ಹದಿಮೂರರಿಂದ ಹದಿನಾರಕ್ಕೆ ನೇರ ದಾರಿ ಬಿಡಿಸಿದ. ಮೊದಲು ತಾನೊಬ್ಬನೇ ಓಡಿಸಿಕೊಂಡು ಹೋಗಿ, ದಾಟಿದ ಮೇಲೆ ಮೆರ್ವಿಗೆ ಫೋನು ಮಾಡಿದ.

"ಆಯ್ತು," ಎಂದ, ಅಷ್ಟೇ.

ಇಪ್ಪತ್ತರ ಸುಮಾರಿಗೆ ಅವಳು ದ್ವೀಪದ ಕಡೆಯ ಗೂಟಗಳನ್ನು ಪರೀಕ್ಷಿಸಲು ಮತ್ತೆ ಹೋದಳು. ಹಿಂದಿನ ದಿನ ಹೊಸ ಹಿಮ ಬಿದ್ದಿತ್ತು. ನೇರ ದಾರಿಯಲ್ಲಿ ಚಕ್ರದ ಗುರುತುಗಳಿದ್ದವು. ಯಾರೂ ತಳ್ಳದೆ ಬಿಟ್ಟಿದ್ದ ಎಡಗಡೆಯ ಬಳಸಿನಲ್ಲೂ, ಮೊಣಕಾಲುದ್ದದ ಹಿಮ ಸೀಳಿಕೊಂಡು, ಹೊಸ ಗುರುತುಗಳಿದ್ದವು.

"ಅಲ್ಲಿ ಯಾರು ಹೋಗ್ತಾರೆ ಇನ್ನೂ?" ಎಂದು ಕೇಳಿದಳು.

"ಹಳಬರು," ಎಂದ ವೋಯ್ಟೊ. "ಅವರಿಗೆ ಹೇಳಿದ್ದೀನಿ. ಐವತ್ತಾರು ಇದೆ, ನಾನೇ ಕೊರೆದಿದ್ದೀನಿ ಅಂತ. ತಲೆ ಆಡಿಸ್ತಾರೆ, ಎಡಕ್ಕೇ ತಿರುಗಿಸ್ತಾರೆ."

ಗಾಡಿ ಹದಿಮೂರನೇ ಗೂಟವನ್ನು ದಾಟಿತು. ಮುಂದೆ ದಾರಿ ಬಿಳಿಯಾಗಿ, ನೇರವಾಗಿ ತೆರೆದುಕೊಂಡಿತ್ತು. ವೋಯ್ಟೊ ವೇಗ ಕಡಿಮೆ ಮಾಡಿದ. ಅವಳ ಕಡೆ ನೋಡದೆ, ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದ. ಗಾಡಿ ಓಲಾಡುತ್ತ, ಹಳಬರ ಗುರುತುಗಳ ಮೇಲೆಯೇ ಚಕ್ರವಿಟ್ಟುಕೊಂಡು, ದಿಬ್ಬಗಳ ನಡುವೆ ಸುತ್ತಿಕೊಂಡು ಹೋಯಿತು.